ವಾಷಿಂಗ್ ಮಷೀನಿನ ಕಾಲಡಿ ಸಿಕ್ಕ ಸಂಗೀತ

ನಮ್ಮ ಕೆಲಸಕ್ಕೆ ಹೊಸದಾಗಿ ಸೇರುವವರು ಮೊದಲು ಕೇಳುವುದು, ‘ಮೇಡಂ, ಯಾವ ಸಾಫ್ಟ್‌ವೇರ್ ಕಲೀಬೇಕು?’ ಅಂತ. ಯಾವುದಾದರೂ ಕಲಿಯಿರಿ, ನೀವು ಕಲಿತು ಮುಗಿಸುವಷ್ಟರಲ್ಲಿ ಅದು ಹಳತಾಗಿರುತ್ತದೆ. ಹಳೆಯ ಟೇಪುಗಳಲ್ಲಿರುವ ಹಾಡು, ಮಾತು, ಸಂಗೀತವನ್ನು ಕಂಪ್ಯೂಟರಿಗೆ ಇಳಿಸುವ ಉದ್ಯೋಗ ನನ್ನದಾಗಿತ್ತು. ಅದರಲ್ಲಿ ಅರ್ಧ ಆಯುಷ್ಯ ಕಳೆದದ್ದು ಯಾರ ಯಾರದೋ ಮನೆಯ ಅಟ್ಟ ಹತ್ತಿ ಇಳಿಯುವುದರಲ್ಲಿ, ಇನ್ನರ್ಧ ಕಳೆದದ್ದು ವೈಟ್‌ಫೀಲ್ಡ್ ಬಸ್ಸಿನಲ್ಲಿ. ನಿವೃತ್ತಿಯಾದ ಮೇಲೆ ‘ಬರೀರಿ, ಬರೀರಿ’ ಎಂದು ಎಲ್ಲರೂ ಪ್ರಾಣ ತಿಂದರು. ಸರಿ, ಬರೆಯುತ್ತಿದ್ದೇನೆ. ಪ್ರಮೋಷನ್ ಯಾವಾಗ ಬಂತು, ಬೀಳ್ಕೊಡುಗೆಯಲ್ಲಿ ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿ ಇಲ್ಲ.

ನಾನು ಶುರು ಮಾಡಿದ್ದು ಪೀಣ್ಯದ ಒಂದು ಕ್ಯಾಸೆಟ್ ಕಾರ್ಖಾನೆಯಲ್ಲಿ. ದೊಡ್ಡ ಸುರುಳಿಯಿಂದ ಸಾಲು ಸಾಲು ಕ್ಯಾಸೆಟ್ಟುಗಳಿಗೆ ಹಾಡು ಇಳಿಯುತ್ತಿತ್ತು. ನಾವು ಹೆಂಗಸರು ಬೆಂಚಿನ ಮೇಲೆ ಸಾಲಾಗಿ ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಗುಡ್ಡೆಯಿಂದ ಕೈಗೆ ಸಿಕ್ಕ ಕ್ಯಾಸೆಟ್ ಎತ್ತಿ ಸರಿಯಾಗಿದೆಯೇ ಎಂದು ಕೇಳಬೇಕು. ಬೆಳಗಿನಿಂದ ಸಂಜೆಯವರೆಗೆ ಒಂದೇ ಸುಪ್ರಭಾತ. ಮನೆಗೆ ಹೋದರೆ ಕುಕ್ಕರ್ ಕೂಗಿದರೂ ಅದೇ ರಾಗ. ಒಮ್ಮೆ ದೇವರನಾಮದ ಕ್ಯಾಸೆಟ್ಟಿನ ಎರಡನೇ ಬದಿಗೆ ಯಾರದೋ ಮಿಮಿಕ್ರಿ ಹತ್ತಿಬಿಟ್ಟಿತು. ಗೊತ್ತಾಗುವಷ್ಟರಲ್ಲಿ ಮಾಲು ಅಂಗಡಿಗಳಿಗೆ ಹೋಗಿಯಾಗಿತ್ತು. ವಾಪಸ್ ಬರುತ್ತವೆ, ನಮ್ಮ ಕೆಲಸ ಹೋಗುತ್ತದೆ ಎಂದು ಹೆದರಿ ಕೂತೆವು. ಒಂದೂ ವಾಪಸ್ ಬರಲಿಲ್ಲ. ಒಬ್ಬ ಅಂಗಡಿಯವರು ಮಾತ್ರ ಫೋನ್ ಮಾಡಿ, ‘ಇದೇ ಥರದ್ದು ಇನ್ನೊಂದು ಬಾಕ್ಸ್ ಕಳ್ಸಿ’ ಎಂದರು.

ಕ್ಯಾಸೆಟ್ಟಿನ ಕಾಲ ಮುಗಿದು ಕಾರ್ಖಾನೆಗೆ ಬೀಗ ಬಿದ್ದಾಗ, ಟೇಪ್ ಹಿಡಿದು ಅಭ್ಯಾಸವಿದ್ದವರು ಬೇಕು ಎಂದು ವೈಟ್‌ಫೀಲ್ಡಿನ ಒಂದು ಕಂಪನಿ ನನ್ನನ್ನು ಕರೆಯಿತು. ಗಾಜಿನ ಕಟ್ಟಡ, ಕುತ್ತಿಗೆಗೆ ಐಡಿ ಕಾರ್ಡು, ಮಧ್ಯಾಹ್ನ ಮೂರು ಥರದ ಪಲ್ಯ. ಅಲ್ಲಿನ ಮ್ಯಾನೇಜರ್ ಸೋಮಶೇಖರ್ ಒಳ್ಳೆಯ ಮನುಷ್ಯ, ನನ್ನ ಮಗನ ವಯಸ್ಸಿನವರು. ಆದರೆ ಅವರದೊಂದು ಪದ್ಧತಿ ನನಗೆ ಕೊನೆಯವರೆಗೂ ಅರಗಲಿಲ್ಲ. ಒಟ್ಟಿಗೆ ಹಲವು ಟೇಪ್ ಮಷೀನುಗಳನ್ನು ಓಡಿಸುವುದು, ಪರದೆಯ ಮೇಲೆ ಮೀಟರಿನ ಮುಳ್ಳು ಆಡುತ್ತಿದೆಯೇ ಎಂದು ನೋಡುವುದು, ಅಷ್ಟೇ. ಯಾರೂ ಕೇಳುವಂತಿಲ್ಲ.

‘ಒಂದೊಂದನ್ನೂ ಕೂತು ಕೇಳೋಕೆ ಇದೇನ್ ಸಂಗೀತ ಕಚೇರಿನಾ ಗಿರಿಜಾ ಮೇಡಂ? ಮೀಟರ್ ಆಡ್ತಿದ್ರೆ ಸೌಂಡ್ ಇದೆ ಅಂತ ಅರ್ಥ’ ಎನ್ನುತ್ತಿದ್ದರು. ಸದ್ದು ಮಾರುವ ಕಂಪನಿಯಲ್ಲಿ ಇಡೀ ದಿನ ಕಿವಿಗೆ ಕೆಲಸವಿಲ್ಲ. ನಾನು ಕದ್ದು ಕೇಳುತ್ತಿದ್ದೆ.

ಅಂಥ ಕಂಪನಿಗೆ ಬಂದ ಕೇಸು ರೇವಣಪ್ಪನವರದು. ರಾಣೆಬೆನ್ನೂರು ಕಡೆಯವರು, ಹಣೆಗೆ ವಿಭೂತಿ ತಪ್ಪಿಸಿದವರಲ್ಲ, ಸಿನಿಮಾಗಳಿಗೆ ಸಂಗೀತ ಕೊಟ್ಟು ಹೆಸರು ಮಾಡಿ ಈಗ ವೈಟ್‌ಫೀಲ್ಡಿನಲ್ಲೇ ಮಗಳ ಅಪಾರ್ಟ್‌ಮೆಂಟಿನಲ್ಲಿದ್ದರು. ಅವರ ಒಂದು ಹಾಡಿದೆ. ಮದುವೆ ಮನೆಯಲ್ಲಿ ಹೆಣ್ಣನ್ನು ಮಂಟಪಕ್ಕೆ ಕರೆತರುವಾಗ ಈಗಲೂ ಅದನ್ನೇ ಬಾರಿಸುತ್ತಾರೆ. ಹಾಡಿನ ಸಾಲು ಶುರುವಾಗುವ ಮುಂಚೆ ಬರುವ ಒಂದು ಸಣ್ಣ ರಾಗವೇ ಆ ಹಾಡಿನ ಜೀವ. ಅದು ಹೇಗೆ ಹೊಳೆಯಿತೆಂದು ರೇವಣಪ್ಪನವರು ಸಂದರ್ಶನಗಳಲ್ಲಿ ಹೇಳುತ್ತಲೇ ಬಂದಿದ್ದರು: ಊರಿಗೆ ಹೋಗುವಾಗ ರೈಲು ಸ್ಟೇಷನ್ನಿನಲ್ಲಿ ನಿಂತಿತ್ತು, ಇಂಜಿನ್ ಕೂಗಿತು, ರಾಗ ಹುಟ್ಟಿತು. ಒಂದು ಸಂದರ್ಶನದಲ್ಲಿ ಆ ಸ್ಟೇಷನ್ ತುಮಕೂರು, ಇನ್ನೊಂದರಲ್ಲಿ ತಿಪಟೂರು, ಮತ್ತೊಂದರಲ್ಲಿ ಅರಸೀಕೆರೆ. ರೈಲು ಮಾತ್ರ ಅದೇ.

ಒಂದು ಸಂಗೀತ ಕಂಪನಿ ಅವರ ಎಲ್ಲ ಕೆಲಸವನ್ನೂ ಒಟ್ಟಿಗೆ ಹೊರತರಲು ಹೊರಟಿತ್ತು. ಸಿನಿಮಾ ಟೇಪುಗಳೆಲ್ಲ ಸಿಕ್ಕಿದ್ದವು. ಆದರೆ ಸಿನಿಮಾಗೆ ಬರುವ ಮುಂಚೆ, ಟೀವಿಯಲ್ಲಿ ಒಂದೇ ಚಾನೆಲ್ ಇದ್ದ ಕಾಲದಲ್ಲಿ ಅವರೊಂದು ಧಾರಾವಾಹಿಗೆ ಸಂಗೀತ ಮಾಡಿದ್ದರಂತೆ. ಅದು ಸಿಗದೆ ಏನೂ ಹೊರಬರುವಂತಿಲ್ಲ ಎಂದು ಹಟ ಹಿಡಿದು ಕೂತರು.

‘ಮೊದಲನೇ ಕೂಸು ಬಿಟ್ಟು ಮನೀ ಮಂದಿ ಫೋಟೋ ತಗಸಂಗಿಲ್ರೀ ಗಿರಿಜವ್ವ. ಮತ್ತ ಇನ್ನೊಂದು ಮಾತೈತಿ’ ಎಂದು ಧ್ವನಿ ತಗ್ಗಿಸಿದರು. ‘ಆ ರಾಗ ನಾನು ಹಿಂದಿ ಸಿನಿಮಾದಿಂದ ಎತ್ತೀನಿ ಅಂತ ಮಂದಿ ಆಡಿಕೊಂತಾರ. ಆ ಧಾರಾವಾಹಿ ಅದಕ್ಕೂ ಮುಂಚೆದ್ದು. ಅದರಾಗ ಆ ರಾಗ ಐತಿ. ಅದೊಂದು ಸಿಕ್ಕರ ಎಲ್ಲಾರ ಬಾಯಿ ಮುಚ್ಚತದ. ಸಾಯೋದ್ರೊಳಗ ಹುಡುಕಿ ಕೊಡ್ರವ್ವ.’

ಆಗಿನ ಧಾರಾವಾಹಿಯ ಸಂಗೀತ ಹೇಗಾಗುತ್ತಿತ್ತೆಂದು ಈಗಿನವರಿಗೆ ಹೇಳಬೇಕು. ಒಂದೊಂದು ಕಂತಿಗೂ ಬೇರೆ ಸಂಗೀತ ಮಾಡಿಸುವ ಯೋಗ್ಯತೆ ಯಾವ ನಿರ್ಮಾಪಕನಿಗೂ ಇರಲಿಲ್ಲ. ನಾಲ್ಕಾರು ವಾದ್ಯದವರನ್ನು ಅರ್ಧ ದಿನ ಸ್ಟುಡಿಯೋಗೆ ಕರೆಸಿ, ಅಳುವಿಗೊಂದು, ನಗುವಿಗೊಂದು, ಅನುಮಾನಕ್ಕೊಂದು, ‘ಅತ್ತೆ ಬಂದಳು’ ಎನ್ನುವುದಕ್ಕೊಂದು ತುಣುಕು ನುಡಿಸಿ ಸ್ಪೂಲಿಗೆ, ಅಂದರೆ ದೊಡ್ಡ ಸುರುಳಿ ಟೇಪಿಗೆ, ಹಾಕಿಟ್ಟುಕೊಳ್ಳುವುದು. ಮುಂದೆ ಧಾರಾವಾಹಿ ಮುಗಿಯುವವರೆಗೂ ಸಂಕಲನದವನು ಅದನ್ನೇ ತಿರುಗಿಸಿ ಮುರುಗಿಸಿ ಅಂಟಿಸುತ್ತಿದ್ದ. ಟೇಪು ತುಟ್ಟಿ. ಹಾಗಾಗಿ ಎಲ್ಲ ನುಡಿಸಿ ಮುಗಿದ ಮೇಲೆ ಸ್ಪೂಲಿನಲ್ಲಿ ಜಾಗ ಉಳಿದಿದ್ದರೆ, ಯಾವುದಕ್ಕಾದರೂ ಆದೀತು ಎಂದು ಏನಾದರೂ ನುಡಿಸಿ ತುಂಬಿಬಿಡುವುದು ರೂಢಿ. ಅಂದರೆ ನಾನು ಹುಡುಕಬೇಕಾಗಿದ್ದದ್ದು ಒಂದೇ ಒಂದು ಸ್ಪೂಲು.

ಟೀವಿಯವರ ಬಳಿ ಹೋದೆ. ಧಾರಾವಾಹಿಯ ಕಂತುಗಳನ್ನೆಲ್ಲ ಅಳಿಸಿ, ಅದೇ ಟೇಪಿನ ಮೇಲೆ ಕೃಷಿ ಕಾರ್ಯಕ್ರಮ ಹಾಕಿದ್ದರು. ರೇವಣಪ್ಪನವರ ಸಂಗೀತವಿದ್ದ ಜಾಗದಲ್ಲಿ ಈಗ ಎರೆಹುಳು ಗೊಬ್ಬರ. ನಿರ್ಮಾಪಕರು ತೀರಿಹೋಗಿದ್ದರು. ಅವರ ಮಗ ಮಾರತ್ತಹಳ್ಳಿಯಲ್ಲಿ ಅಪ್ಪನ ಮನೆಯ ಮೇಲೆ ಮಹಡಿಯ ಮೇಲೆ ಮಹಡಿ ಕಟ್ಟಿ ಪೀಜಿ ನಡೆಸುತ್ತಿದ್ದ. ಆಸಾಮಿ ಬಲು ಉತ್ಸಾಹಿ.

‘ಟೇಪಾ? ಅಪ್ಪಂದು ರಾಶಿ ಇತ್ತು ಮೇಡಂ. ಬನ್ನಿ ತೋರಿಸ್ತೀನಿ’ ಎಂದು ಟೆರೇಸಿಗೆ ಕರೆದುಕೊಂಡು ಹೋದ.

ಟೆರೇಸಿನ ತುಂಬ ಅಡ್ಡಡ್ಡ ಕಂದು ಟೇಪು ಕಟ್ಟಿದ್ದರು. ಗಾಳಿಗೆ ಪಟಪಟ ಎನ್ನುತ್ತಿತ್ತು. ಒಗೆದು ಹಾಕಿದ ಬಟ್ಟೆಯ ಮೇಲೆ ಪಾರಿವಾಳ ಹಿಕ್ಕೆ ಹಾಕದಿರಲಿ ಎಂದು ಅವನೇ ಕಂಡುಹಿಡಿದ ಉಪಾಯವಂತೆ. ‘ಸಕ್ಕತ್ ವರ್ಕ್ ಆಗ್ತಿದೆ ಮೇಡಂ. ಒಂದು ಪಾರಿವಾಳನೂ ಬಂದಿಲ್ಲ’ ಎಂದ. ನನಗೆ ಅಲ್ಲೇ ಕೂತು ಅತ್ತುಬಿಡೋಣ ಎನ್ನಿಸಿತು. ಟೇಪಿನ ತಗಡಿನ ಡಬ್ಬಿಗಳು ಅಡುಗೆಮನೆಯಲ್ಲಿದ್ದವು. ಒಂದರಲ್ಲಿ ಖಾರದ ಪುಡಿ, ಒಂದರಲ್ಲಿ ಸಾಸಿವೆ.

‘ಇಷ್ಟೇನಾ? ಇನ್ನೆಲ್ಲೂ ಇಲ್ವಾ?’ ಎಂದೆ. ಅಡುಗೆ ಮಾಡುತ್ತಿದ್ದಾಕೆ ಸೌಟು ಹಿಡಿದೇ, ‘ಇನ್ನೊಂದ್ ಡಬ್ಬಿ ಬಚ್ಚಲಲ್ಲೈತೆ ಅಕ್ಕ. ವಾಷಿಂಗ್ ಮಷೀನ್ ಒಂದ್ ಕಡೆ ವಾಲ್ತಿತ್ತು ಅಂತ ಕಾಲಡಿ ಕೊಟ್ಟವ್ರೆ’ ಎಂದಳು.

ಮಷೀನ್ ಎತ್ತಿಸಿ ಆ ಡಬ್ಬಿ ತೆಗೆದೆವು. ಮುಚ್ಚಳ ತುಕ್ಕು ಹಿಡಿದಿತ್ತು, ಮೇಲೆ ಅಂಟಿಸಿದ್ದ ಚೀಟಿಯಲ್ಲಿ ಧಾರಾವಾಹಿಯ ಹೆಸರು ಅರ್ಧ ಉಳಿದಿತ್ತು. ಒಳಗೆ ಸ್ಪೂಲು. ಪುಣ್ಯಕ್ಕೆ ತುಂಡಾಗಿರಲಿಲ್ಲ. ಬದಲಿಗೆ ಒಂದು ಇಟ್ಟಿಗೆ ತರಿಸಿ ಮಷೀನಿನ ಕಾಲಡಿ ಇಡಿಸಿ ಬಂದೆ.

ಆದರೆ ತೇವ ಕುಡಿದು ಕುಡಿದು ಟೇಪು ಅಂಟಂಟಾಗಿತ್ತು. ಹಾಗೆಯೇ ಓಡಿಸಿದರೆ ಮೇಲಿನ ಪದರ ಕಿತ್ತು ಬರುತ್ತದೆ. ಇದಕ್ಕೆ ಮದ್ದು ಎಂದರೆ ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಒಣಗಿಸುವುದು. ನಾವು ಅದನ್ನು ಬೇಯಿಸುವುದು ಎನ್ನುತ್ತೇವೆ. ಕಂಪನಿಯ ಓವನ್ ಕೆಟ್ಟಿತ್ತು. ಪೀಣ್ಯದಲ್ಲಿ ಟ್ರಾನ್ಸ್‌ಫಾರ್ಮರ್ ಕಾಯಿಲ್ ಒಣಗಿಸುವ ಒಬ್ಬರು ನನಗೆ ಕಾರ್ಖಾನೆಯ ದಿನಗಳಿಂದ ಪರಿಚಯ. ಅವರ ಓವನ್ನಿನಲ್ಲಿ ಬಿಸಿಯನ್ನು ಬೇಕಾದಷ್ಟಕ್ಕೆ ಇಟ್ಟುಕೊಳ್ಳಬಹುದು. ಡಬ್ಬಿ ಎದೆಗವುಚಿಕೊಂಡು ಊರಿನ ಆ ತುದಿಯಿಂದ ಈ ತುದಿಗೆ ಬಂದೆ.

‘ಕಾಯಿಲ್ ಬೇಯ್ಸಿದೀನಿ, ಮೋಟರ್ ಬೇಯ್ಸಿದೀನಿ. ಹಾಡು ಬೇಯ್ಸಿರ್ಲಿಲ್ಲ ಮೇಡಂ’ ಎಂದು ಅವರು ನಕ್ಕರು. ಎಲ್ಲಿ ಸುಟ್ಟ ವಾಸನೆ ಬಂದೀತೋ ಎಂದು ನಾನು ಓವನ್ ಮುಂದೆಯೇ ಸ್ಟೂಲ್ ಹಾಕಿಕೊಂಡು ಕೂತೆ. ಟೇಪು ಚೆನ್ನಾಗಿಯೇ ಒಣಗಿತು.

ಮಾರನೆಯ ದಿನ ನನಗೆ ಜ್ವರ. ನಾನಿಲ್ಲದಾಗ ಸ್ಪೂಲನ್ನು ಸೋಮಶೇಖರರೇ ಮಷೀನಿಗೆ ಹಾಕಿಸಿ, ಮೀಟರಿನ ಮುಳ್ಳು ಆಡಿದ್ದನ್ನು ನೋಡಿ, ಫೈಲನ್ನು ನೇರ ರೇವಣಪ್ಪನವರಿಗೆ ಕಳಿಸಿಬಿಟ್ಟರು. ಮಧ್ಯಾಹ್ನ ರೇವಣಪ್ಪನವರ ಫೋನು ನನ್ನ ಹಾಸಿಗೆಗೇ ಬಂತು.

‘ಗಿರಿಜವ್ವ, ಇದು ನಂದಲ್ರೀ. ಬ್ಯಾರೆ ಯಾರದೋ ಟೇಪ್ ಬಂದೈತಿ. ಆದ್ರ ಭಾಳ ಚಲೋ ಮಾಡ್ಯಾನ ಪುಣ್ಯಾತ್ಮ. ಸಣ್ಣ ವಯಸ್ಸಿನಾವ ಇರಬೇಕು, ಏನೇನೋ ಹೊಸಾದು ಹುಡಕ್ಯಾನ, ಯಾವುದೋ ತಿಳೀಲಾರದ ಭಾಷಾದಾಗ ಮಾತೂ ಸೇರಿಸ್ಯಾನ. ಹೆಸರು ಕೇಳಿ ಹೇಳ್ರಿ, ಮನೀಗೆ ಕರಸ್ತೀನಿ.’

ನನಗೆ ಪಿಚ್ಚೆನಿಸಿತು. ಅಷ್ಟು ಕಷ್ಟಪಟ್ಟು ತಂದದ್ದು ಬೇರೆಯವರದೇ? ಮರುದಿನ ಮಾತ್ರೆ ನುಂಗಿ ಆಫೀಸಿಗೆ ಹೋಗಿ ಹೆಡ್‌ಫೋನ್ ಹಾಕಿಕೊಂಡೆ. ಕೇಳಿದ ಕೂಡಲೇ ನಗು ಬಂದುಬಿಟ್ಟಿತು. ತಬಲಾ ಪೆಟ್ಟು ಬೀಳುವ ಮುಂಚೆಯೇ ಅದರ ಗುಂಯ್ ಎನ್ನುವ ಸದ್ದು ಬರುತ್ತಿತ್ತು. ಇಡೀ ಟೇಪು ಹಿಂದುಮುಂದಾಗಿ ಓಡಿತ್ತು.

ಹೀಗಾಗಲು ಕಾರಣವಿದೆ. ಸ್ಪೂಲನ್ನು ನುಡಿಸಿ ಮುಗಿದ ಮೇಲೆ ತಿಳಿದವರು ಹಿಂದಕ್ಕೆ ಸುತ್ತುವುದಿಲ್ಲ. ಬಾಲ, ಅಂದರೆ ಟೇಪಿನ ಕೊನೆ, ಹೊರಗಿರುವಂತೆಯೇ ಡಬ್ಬಿಗೆ ಹಾಕುತ್ತಾರೆ. ಹಾಗಿಟ್ಟರೆ ಟೇಪು ಹೆಚ್ಚು ಕಾಲ ಚೆನ್ನಾಗಿರುತ್ತದೆ. ಬಾಲ ಇದು ಎಂದು ತಿಳಿಯಲು ತುದಿಗೆ ಕೆಂಪು ಪಟ್ಟಿ ಅಂಟಿಸಿರುತ್ತಾರೆ. ಆ ಕೆಂಪು ಪಟ್ಟಿ ಪೀಣ್ಯದ ಓವನ್ನಿನ ಬಿಸಿಗೆ ಅಂಟು ಬಿಟ್ಟು ಉದುರಿಹೋಗಿತ್ತು. ಬೇಯಿಸಿದವಳು ನಾನು, ತಿರುಗಿಸದೆ ಹಾಕಿದವರು ಸೋಮಶೇಖರ್. ಬಾಲದಿಂದ ತಲೆಗೆ ಓಡಿದ ತಮ್ಮದೇ ಸಂಗೀತ ಕೇಳಿ ರೇವಣಪ್ಪನವರು ಅದನ್ನು ಮಾಡಿದ ಯುವಕನನ್ನು ಮನೆಗೆ ಕರೆಯಲು ಹೊರಟಿದ್ದರು.

‘ಯಾರಿಗೂ ಹೇಳ್ಬೇಡಿ ಮೇಡಂ. ಫಾರ್ಮ್ಯಾಟ್ ಇಶ್ಯೂ ಅಂತ ಮೇಲ್ ಹಾಕ್ತೀನಿ’ ಎಂದರು ಸೋಮಶೇಖರ್. ಈಗ ಎಲ್ಲರಿಗೂ ಹೇಳುತ್ತಿದ್ದೇನೆ, ಕ್ಷಮಿಸಲಿ.

ಸ್ಪೂಲನ್ನು ಸರಿಯಾಗಿ ಸುತ್ತಿ ಮತ್ತೆ ಓಡಿಸಿದೆ. ಈ ಸಲ ಮೊದಲಿನಿಂದ ಕೊನೆಯವರೆಗೂ ಕೂತು ಕೇಳಿದೆ. ಅಳು ಬಂತು, ನಗು ಬಂತು, ಅತ್ತೆ ಬಂದಳು. ಎಲ್ಲ ಮುಗಿದು, ಕುರ್ಚಿ ಎಳೆದ ಸದ್ದಾಯಿತು. ಆಮೇಲೆ ಮಾತು. ಪ್ರಾಯದ ರೇವಣಪ್ಪನವರ ಧ್ವನಿ:

‘ಮುನಿರಾಜು, ಟೇಪ್ ಇನ್ನೂ ಉಳದೈತಿ. ನಿಂದ ಏನಾರ ಊದಪಾ.’

‘ಏನ್ ಊದ್ಲಿ ಸಾರ್?’

‘ಏನಾರ. ನೀ ಮೊನ್ನೆ ಒಬ್ಬನ ಕುಂತು ಊದತಿದ್ದೆಲ್ಲ, ನಾನ ಕಟ್ಟೀನಿ ಅಂದೆಲ್ಲ, ಅದನ್ನ ಊದು.’

ನಂತರ ಒಂಟಿ ಕ್ಲಾರಿಯೋನೆಟ್. ಅದೇ ರಾಗ. ಮದುವೆ ಮನೆಯ ರಾಗ.

ನಾನು ಹೆಡ್‌ಫೋನ್ ತೆಗೆದಿಟ್ಟು ನೀರು ಕುಡಿದೆ. ಯಾವುದನ್ನು ತೋರಿಸಿ ರಾಗ ತಮ್ಮದೆಂದು ಸಾಧಿಸಬೇಕು ಎಂದು ಆ ಮನುಷ್ಯ ಕಾದಿದ್ದರೋ, ಅದರಲ್ಲೇ ಅದು ಇನ್ನೊಬ್ಬನದೆಂದು ಅವರ ಬಾಯಿಂದಲೇ ಬಂದಿತ್ತು. ನಮ್ಮ ಕೆಲಸದ ನಿಯಮ ಸರಳ: ಸಂಗೀತ ಶುರುವಾಗುವ ಮುಂಚಿನ ಮಾತೆಲ್ಲ ಕಸ, ಕತ್ತರಿಸಿ ಬಿಸಾಡಬೇಕು. ಎಷ್ಟೋ ಟೇಪುಗಳಲ್ಲಿ ಕತ್ತರಿಸಿದ್ದೆ. ಇದಕ್ಕೆ ಕೈ ಬರಲಿಲ್ಲ. ರೇವಣಪ್ಪನವರನ್ನೇ ಸ್ಟುಡಿಯೋಗೆ ಕರೆದೆ.

ಅವರು ಕಣ್ಣು ಮುಚ್ಚಿ ಕೇಳಿದರು. ‘ಅತ್ತೆ ಬಂದಳು’ ತುಣುಕಿಗೆ ತೊಡೆ ತಟ್ಟಿಕೊಂಡು ನಕ್ಕರು. ಆ ಮಾತು ಬಂದಾಗ ಕಣ್ಣು ಬಿಟ್ಟರು. ರಾಗ ಮುಗಿದ ಮೇಲೆ ಬಾಗಿಲ ಕಡೆ ನೋಡಿದರು.

‘ಇದನ್ನ ಯಾರ್ಯಾರು ಕೇಳ್ಯಾರ?’

‘ನಾನು. ಈಗ ನೀವು.’

‘ಆ ಮಾತು ತಗೀರಿ’ ಎಂದು ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು.

ಸೋಮಶೇಖರ್, ‘ಕ್ಲೈಂಟೇ ಹೇಳಿದ್ಮೇಲೆ ಮುಗೀತಲ್ಲ ಮೇಡಂ. ಕಟ್ ಮಾಡಿ ಕಳ್ಸಿ’ ಎಂದರು. ‘ನಾಳೆ ಮಾಡ್ತೀನಿ, ಜ್ವರ ಇನ್ನೂ ಪೂರ್ತಿ ಬಿಟ್ಟಿಲ್ಲ’ ಎಂದೆ. ಸುಳ್ಳು. ಜ್ವರ ಬಿಟ್ಟಿತ್ತು, ಹೊಟ್ಟೆಯಲ್ಲಿ ಸಿಟ್ಟಿತ್ತು. ಇಷ್ಟು ದೊಡ್ಡ ಮನುಷ್ಯನಿಗೆ ಇಷ್ಟು ಸಣ್ಣ ಬುದ್ಧಿಯೇ ಎಂದು ಬಸ್ಸಿನುದ್ದಕ್ಕೂ ಬೈದುಕೊಂಡೆ.

ಬೆಳಿಗ್ಗೆ ನಾನು ದೋಸೆ ಹುಯ್ಯುವಾಗ ಅವರ ಫೋನು.

‘ಕಟ್ ಮಾಡಿಬಿಟ್ರೇನ್ರೀ?’

‘ಇಲ್ಲ ಸಾರ್.’

‘ಮಾಡಬ್ಯಾಡ್ರಿ.’ ಉಸಿರು ಎಳೆದುಕೊಂಡರು. ‘ತುಮಕೂರು ಸುಳ್ಳು, ಅರಸೀಕೆರಿ ಸುಳ್ಳು, ಅದು ನನಗ ಗೊತ್ತಿತ್ತವ್ವ. ಸಂದರ್ಶನಕ್ಕ ಏನಾರ ಹೇಳಬೇಕಲ್ಲ. ಆದ್ರ ರಾಗ ನಂದು ಅಂತ ಖರೇನ ನಂಬಿದ್ದೆ. ದೇವರಾಣಿ ನಂಬಿದ್ದೆ. ಯಾವಾಗ ಅದು ನಂದಾತು ಅಂತ ನನಗ ಗೊತ್ತಿಲ್ಲ. ರಾತ್ರಿ ಎಲ್ಲಾ ಅದ ವಿಚಾರ ಆತು. ಆ ಮುನಿರಾಜು ಇದ್ದಾನೇನ್ರೀ? ಲಗ್ಗೆರೀ ಕಡೆ ಬ್ಯಾಂಡ್ ಸೆಟ್‌ನಾಗ ಇದ್ದಾವ.’

ಬಸ್ಸಿನಲ್ಲಿ ಬೈದದ್ದನ್ನೆಲ್ಲ ಮನಸ್ಸಿನಲ್ಲೇ ವಾಪಸ್ ತೆಗೆದುಕೊಂಡೆ.

ಲಗ್ಗೆರೆ ನನಗೆ ಗೊತ್ತಿದ್ದ ಜಾಗ. ಕ್ಯಾಸೆಟ್ ಕಾರ್ಖಾನೆಯ ಅರ್ಧ ಹೆಂಗಸರ ಮನೆ ಅಲ್ಲೇ ಇತ್ತು. ಬ್ಯಾಂಡ್ ಸೆಟ್ಟಿನ ಅಂಗಡಿಯಲ್ಲಿ ಕೇಳಿದೆ. ‘ಮುನಿರಾಜಣ್ಣನಾ? ಹಗಲೊತ್ತು ಪೀಣ್ಯದಲ್ಲಿ ಲೇತ್ ಕೆಲ್ಸ, ಸಂಜೆಗೆ ನಮ್ ಜೊತೆ ಮದುವೆ. ಮುಂದಿನ ಹಲ್ಲು ಹೋದ್ಮೇಲೆ ಊದಕ್ಕಾಗ್ದೆ ಬಿಟ್ಬಿಟ್ರು ಮೇಡಂ’ ಎಂದು ದಾರಿ ತೋರಿಸಿದರು.

ಮುನಿರಾಜು ಬಾಗಿಲಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದರು. ರೇವಣಪ್ಪನವರು ತಾವೇ ಬಂದು ಹೇಳಬೇಕು ಎಂದಿದ್ದರಿಂದ ನಾನು ಟೇಪಿನ ವಿಷಯ ಎತ್ತಲಿಲ್ಲ. ಟೀವಿ ಧಾರಾವಾಹಿಗೆ ಊದಿದ್ದೀರಂತೆ ಎಂದಷ್ಟೇ ಕೇಳಿದೆ. ಅವರು ಬಾಯಿ ತೆರೆಯುವ ಮೊದಲೇ ಅವರ ಹೆಂಡತಿ ಜಯಮ್ಮ ಒಳಗಿಂದ ಬಂದರು.

‘ಅಯ್ಯೋ, ಶುರು ಮಾಡಿಸ್ಬೇಡಿ ಮೇಡಂ. ಮದ್ವೇಲಿ ಹೆಣ್ಣು ಬರೋವಾಗ ಹಾಡ್ತಾರಲ್ಲ, ಆ ಸಿನಿಮಾ ಹಾಡು ನಂದು ಅಂತಾರೆ ಇವ್ರು. ಮದ್ವೆ ಆದಾಗಿಂದ ಇದೇ ಕತೆ. ಜನ ಏನಂದ್ಕೊಂತಾರೆ, ಬಾಯ್ ಮುಚ್ಕೊಂಡು ಮಲಿಕ್ಕೊಳ್ಳಿ ಅಂತೀನಿ. ಮಕ್ಳು ಮೊಮ್ಮಕ್ಳೆಲ್ಲ ಆಡ್ಕೊಂಡು ನಗ್ತಾರೆ.’

ಮುನಿರಾಜು ತಲೆ ಎತ್ತಲಿಲ್ಲ. ‘ಹಾಡು ನಂದು ಅಂದಿಲ್ಲ ಮೇಡಂ. ರಾಗ ಅಷ್ಟೇ’ ಎಂದು ಅವರೆಕಾಯಿ ಸುಲಿಯುತ್ತಲೇ ಇದ್ದರು. ಆ ಹಾಡನ್ನು ಮದುವೆಗಳಲ್ಲಿ ಜನ ಚೀಟಿ ಕಳಿಸಿ ಕೇಳುತ್ತಿದ್ದರಂತೆ, ‘ರೇವಣಪ್ಪನವರದು ಬಾರಿಸಿ’ ಎಂದು. ಹಲ್ಲು ಇರುವವರೆಗೂ ಅವರು ಬಾರಿಸಿದ್ದರು. ನನಗೆ ಹೇಳಿಬಿಡೋಣ ಎಂದು ನಾಲಿಗೆ ತುದಿಗೆ ಬಂತು. ನುಂಗಿಕೊಂಡು, ಭಾನುವಾರ ಮನೆಯಲ್ಲೇ ಇರಿ ಎಂದು ಹೇಳಿ ಬಂದೆ.

ಭಾನುವಾರ ರೇವಣಪ್ಪನವರ ಕಾರು ಆ ಗಲ್ಲಿಗೆ ಹಿಡಿಸಲಿಲ್ಲ. ಇಳಿದು, ಬಟ್ಟೆ ಒಣಹಾಕಿದ ಹಗ್ಗಗಳಡಿ ಬಗ್ಗಿ ಬಗ್ಗಿ ನಡೆದು ಬಂದರು. ಯಾರೋ ಗುರುತು ಹಿಡಿದು ಫೋಟೋ ತೆಗೆದರು. ಮುನಿರಾಜು ಇಸ್ತ್ರಿ ಮಾಡಿದ ಅಂಗಿ ಹಾಕಿ ನಿಂತಿದ್ದರು. ಜಯಮ್ಮನಿಗೆ ಕಾಫಿಗೆ ಸಕ್ಕರೆ ಹಾಕಿದ್ದು ಮರೆತು ಇನ್ನೊಮ್ಮೆ ಹಾಕುವಷ್ಟು ಗಾಬರಿ.

‘ಏನ ಹೇಳಬೇಕೋ ತಿಳೀವಲ್ದು ಮುನಿರಾಜು. ಮೊದಲ ಇದನ್ನ ಕೇಳು’ ಎಂದು ರೇವಣಪ್ಪನವರು ನನ್ನ ಕಡೆ ನೋಡಿದರು. ನಾನು ತಂದಿದ್ದ ಪುಟ್ಟ ಸ್ಪೀಕರನ್ನು ಟೀಪಾಯಿ ಮೇಲಿಟ್ಟು ಹಾಕಿದೆ. ಕುರ್ಚಿ ಎಳೆದ ಸದ್ದು. ಟೇಪ್ ಇನ್ನೂ ಉಳದೈತಿ, ನಿಂದ ಏನಾರ ಊದಪಾ. ಏನ್ ಊದ್ಲಿ ಸಾರ್?

ಜಯಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟರು. ಗಂಡನ ಪ್ರಾಯದ ಧ್ವನಿ ಅವರಿಗೆ ಒಡನೆಯೇ ಗೊತ್ತಾಗಿರಬೇಕು. ನಾನ ಕಟ್ಟೀನಿ ಅಂದೆಲ್ಲ, ಅದನ್ನ ಊದು ಎಂದು ಟೇಪಿನಲ್ಲಿ ರೇವಣಪ್ಪನವರು ಅಂದರು. ಕ್ಲಾರಿಯೋನೆಟ್ ಶುರುವಾಯಿತು. ಮುನಿರಾಜುವಿನ ತುಟಿ ಮಡಚಿಕೊಂಡು, ಬೆರಳುಗಳು ಮಂಡಿಯ ಮೇಲೆ ಆಡತೊಡಗಿದವು. ನನ್ನ ಕಣ್ಣು ತುಂಬಿ ಬಂತು, ಬರೆಯಲು ಸಂಕೋಚವೇನಿಲ್ಲ.

ರಾಗ ಇನ್ನೂ ನಡೆದಿತ್ತು. ಜಯಮ್ಮ ಮುಂದೆ ಬಂದು ಗಂಡನ ಎದುರು ನೆಲದ ಮೇಲೆ ಕೂತರು.

‘ನಿಜ ಹೇಳ್ತಿದ್ರಲ್ರೀ ನೀವು. ನಾನು ನಂಟ್ರ ಮುಂದೆಲ್ಲ ನಗಾಡ್ಬಿಟ್ಟೆ. ಮಕ್ಳ ಕೈಲೂ ನಗಿಸ್ಬಿಟ್ಟೆ. ಒಂದ್ಸಲ ಬೈದ್ಬಿಡ್ರೀ ನನ್ನ.’

ಮುನಿರಾಜುವಿನ ಬೆರಳುಗಳು ಆಡುತ್ತಲೇ ಇದ್ದವು. ರಾಗ ಮುಗಿದ ಮೇಲೆ ರೇವಣಪ್ಪನವರು ಮಾತಾಡಿದರು. ‘ಟೇಪಿನಾಗಿನ ಈ ಮಾತು ಹಂಗ ಇರತೈತಿ, ಮುನಿರಾಜು. ಸಿನಿಮಾ ಹಾಡಿಗೂ ರಾಗ ನಿಂದು ಅಂತ ನಿನ್ನ ಹೆಸರು ಹಾಕಸ್ತೀನಿ. ಬ್ಯಾಡ ಅನಬ್ಯಾಡ.’

ಬೇಡ ಅನ್ನುತ್ತಾರೆಂದೇ ನಾನೂ ಅಂದುಕೊಂಡಿದ್ದೆ.

‘ಯಾಕ್ ಬ್ಯಾಡ ಅನ್ಲಿ ಸಾರ್, ಹಾಕ್ಸಿ. ದೊಡ್ ಅಕ್ಷರದಲ್ಲಿ ಹಾಕ್ಸಿ’ ಎಂದರು ಮುನಿರಾಜು. ಆಮೇಲೆ ನನ್ನ ಕಡೆ ತಿರುಗಿದರು.

‘ಮೇಡಂ, ಮೊದ್ಲಿಂದ ಇನ್ನೊಂದ್ಸಲ ಹಾಕಿ. ಇವ್ಳು ನಡುವೆ ಮಾತಾಡ್ಬಿಟ್ಲು.’